ಮರಿಯಾನೆಗೆ ಜಾಗ

ಕಪಿಲೆಯ ದಡದಲ್ಲಿ ಒಂದು ಆಶ್ರಮವಿತ್ತು. ಹೆಂಚು ಹೊದಿಸಿದ ನಾಲ್ಕಾರು ಕೋಣೆ, ಒಂದು ಉದ್ದನೆಯ ಜಗಲಿ, ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲು. ಅಷ್ಟೇ.

ಅಲ್ಲಿನ ಗುರುವನ್ನು ಎಲ್ಲರೂ ಅಕ್ಕಯ್ಯ ಎನ್ನುತ್ತಿದ್ದರು. ಪ್ರಾಯದಲ್ಲಿ ಅವರು ಉಪಗ್ರಹಗಳಿಗೆ ತಂತಿ ಬೆಸೆಯುವ ಕೆಲಸದಲ್ಲಿದ್ದವರು. ಈಗ ಬಂದವರಿಗೆ ಕೈಕೆಲಸ ಕಲಿಸುತ್ತಿದ್ದರು. ಕೇಳಿದರೆ ಒಂದೆರಡು ಮಾತು ಹೇಳುತ್ತಿದ್ದರು. ಕೇಳದಿದ್ದರೆ ಅದೂ ಇಲ್ಲ.

ಸಿಂಚನ ಅವರ ಶಿಷ್ಯೆ. ಬರುವಾಗ ಒಂದು ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದಳು. ಆಟ ಆಡಲೆಂದೇ ಬಿಡಿಭಾಗ ಕೂಡಿಸಿ ಕೈಯಾರೆ ಜೋಡಿಸಿದ್ದು. ಚಪ್ಪಲಿ ಡಬ್ಬಿಗಿಂತ ತುಸು ದೊಡ್ಡದು. ಒಳಗೆ ಒಂದು ಬೆರಳಿಗೂ ಎಡೆಯಿಲ್ಲದಂತೆ ಎಲ್ಲವೂ ಒತ್ತಾಗಿ ಕೂತಿತ್ತು.

ಮೊದಮೊದಲು ಅದರಲ್ಲಿ ಬೇರೆಯವರು ಮಾಡಿದ ಆಟಗಳನ್ನು ಆಡುತ್ತಿದ್ದಳು. ಆಶ್ರಮಕ್ಕೆ ಬಂದ ಮೇಲೆ ತಾನೇ ಒಂದು ಆಟ ಮಾಡತೊಡಗಿದಳು.

ಅದು ಕಣ್ಣು ಕಾಣದ ಮಕ್ಕಳಿಗಾಗಿ ಮಾಡಿದ ಆಟ. ತೆರೆಯ ಮೇಲೆ ಚಿತ್ರವೇ ಇಲ್ಲ. ಹೆಡ್‌ಫೋನ್ ಹಾಕಿಕೊಂಡ ಕೂಡಲೇ ಆಡುವವರು ಹಿಂಡು ತಪ್ಪಿದ ಮರಿಯಾನೆಯಾಗುತ್ತಾರೆ. ಎಲ್ಲೋ ದೂರದಲ್ಲಿ ತಾಯಿ ಕೂಗುತ್ತದೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಬಿದಿರು ಮೆಳೆ, ಕಾಲಡಿಯಲ್ಲಿ ತರಗೆಲೆ. ಸದ್ದು ಹಿಡಿದೇ ನಡೆಯಬೇಕು, ಹೊಳೆ ದಾಟಬೇಕು, ತಾಯಿಯ ಬಳಿ ಹೋಗಿ ಸೇರಬೇಕು.

ಆ ಸದ್ದುಗಳಿಗಾಗಿ ಸಿಂಚನ ಹಿನ್ನೀರಿನ ಅಂಚಿನಲ್ಲಿ ವರ್ಷಗಟ್ಟಲೆ ಅಲೆದಿದ್ದಳು. ಅರಣ್ಯದ ವಾಚರುಗಳ ಹಿಂದೆ ಬಿದ್ದು, ಜಿಗಣೆ ಕಚ್ಚಿಸಿಕೊಂಡು, ಉಸಿರು ಬಿಗಿಹಿಡಿದು ಒಂದೊಂದನ್ನೇ ಮೈಕಿನಲ್ಲಿ ಹಿಡಿದು ತಂದಿದ್ದಳು.

ಬರುವ ಭಾನುವಾರ ಪೇಟೆಯ ಅಂಧ ಮಕ್ಕಳ ಶಾಲೆಯಿಂದ ಮಕ್ಕಳು ಬರುವವರಿದ್ದರು. ಮೊದಲ ಸಲ ಆಟ ಆಡುವವರು ಅವರೇ.

ಆ ವಾರವೇ ಕಂಪ್ಯೂಟರ್ ಇನ್ನು ಜಾಗವಿಲ್ಲ ಎಂದಿತು.

ಅಕ್ಕಯ್ಯ ಹೊಳೆಯಿಂದ ಮೇಲೆ ಬಂದಾಗ ಸಿಂಚನ ಜಗಲಿಯಲ್ಲಿ ಮೌಸು ಹಿಡಿದು ಕೂತಿದ್ದಳು.

“ಏನು ಮಾಡ್ತಿದ್ದೀ?”

“ಜಾಗ ಮಾಡ್ತಿದ್ದೀನಿ ಅಕ್ಕಯ್ಯ. ಬೇಡದ ಸದ್ದೆಲ್ಲ ಅಳಿಸ್ತಿದ್ದೀನಿ.”

“ಯಾವುದು ಬೇಡವಾಯ್ತು?”

“ಬಿದಿರು ಮೆಳೆಯ ಗಾಳಿ. ತೆಪ್ಪ ದಡಕ್ಕೆ ತಾಗೋದು. ಆನೆ ಕಿವಿ ಬೀಸೋದು.”

“ಆನೆ ಕಿವಿ ಬೀಸೋದು ಬೇಡವಾ?”

ಸಿಂಚನ ತಲೆ ತಗ್ಗಿಸಿದಳು. “ಬೇಕು. ಆದರೆ ಹಿಡಿಸಬೇಕಲ್ಲ.”

“ಅಳಿಸಿ ಆಯ್ತಾ?”

“ಕಸದ ಬುಟ್ಟಿಗೆ ಹಾಕಿದ್ದೀನಿ. ಬುಟ್ಟಿ ಖಾಲಿ ಮಾಡಿದರೆ ಪೂರ್ತಿ ಹೋಗುತ್ತೆ.”

ಅವಳ ಬೆರಳು ಮೌಸಿನ ಮೇಲೇ ಇತ್ತು. ಅಕ್ಕಯ್ಯ ಆ ಬೆರಳನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರು.

“ದೊಡ್ಡ ಡಿಸ್ಕ್ ಹಾಕು.”

ಸಿಂಚನ ಅವರ ಮುಖ ನೋಡಿದಳು. ಇರುವುದರಲ್ಲೇ ಸುಧಾರಿಸಿಕೋ ಎಂಬ ಮಾತಿಗೆ ಅವಳು ಮನಸ್ಸು ಗಟ್ಟಿಮಾಡಿಕೊಂಡಿದ್ದಳು.

“ಕಡಿಮೆ ಇಟ್ಟುಕೋ, ಕಡಿಮೆ ಇಟ್ಟುಕೋ ಅಂತ ನೀವೇ ಹೇಳ್ತಿರ್ತೀರಲ್ಲ ಅಕ್ಕಯ್ಯ?”

“ಅದು ನಿನ್ನ ಬಟ್ಟೆ ಪೆಟ್ಟಿಗೆಗೆ ಹೇಳಿದ್ದು. ಆ ಮಕ್ಕಳ ಕಾಡಿಗೆ ಹೇಳಿದ್ದಲ್ಲ.”

ಸಿಂಚನ ಎದ್ದು ಕೋಣೆಗೆ ಹೋಗಿ ಒಂದು ಪುಟ್ಟ ಪೊಟ್ಟಣ ತಂದಳು. ಒಳಗಿದ್ದದ್ದು ಹೊಸ ಡಿಸ್ಕ್, ತೆಳ್ಳಗೆ, ಬಿಸ್ಕತ್ತಿನ ತುಂಡಿನಷ್ಟು. ಹಳೆಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಿಡಿಸುವಂಥದ್ದು.

“ಇದನ್ನು ತಂದಿದ್ದು ಯಾವಾಗ?”

“ಹೋದ ದೀಪಾವಳಿಗೆ.”

“ಇನ್ನೂ ಒಡೆದೇ ಇಲ್ಲ.”

“ಹಾಕೋ ಜಾಗ ಮದರ್‌ಬೋರ್ಡಿನ ಬೆನ್ನ ಹಿಂದಿದೆ ಅಕ್ಕಯ್ಯ. ಅಲ್ಲಿಗೆ ಕೈ ಹೋಗಬೇಕಾದರೆ ಎಲ್ಲಾ ಬಿಚ್ಚಬೇಕು. ಕಾರ್ಡು, ಪವರ್ ಸಪ್ಲೈ, ತಂತಿ, ಎಲ್ಲಾ. ಜೋಡಿಸೋವಾಗ ಎಷ್ಟು ಒದ್ದಾಡಿದ್ದೆ ಗೊತ್ತಾ? ಮುಚ್ಚಳ ಹಾಕಿದ ದಿನವೇ ಅಂದುಕೊಂಡೆ, ಇನ್ನು ಈ ಜನ್ಮದಲ್ಲಿ ಇದನ್ನ ತೆಗೆಯೋದಿಲ್ಲ ಅಂತ.”

ಅಕ್ಕಯ್ಯ ಅವಳ ಪಕ್ಕದಲ್ಲಿ ಕೂತರು.

“ಹಾಗಾದರೆ ನೀನು ಆನೆಯ ಕಿವಿಯನ್ನ ಅಳಿಸೋಕೆ ಹೊರಟಿದ್ದು ಜಾಗಕ್ಕಲ್ಲ. ಹೆದರಿಕೆಗೆ.”

ಸಿಂಚನ ಕಸದ ಬುಟ್ಟಿ ತೆರೆದು ಒಂದೊಂದೇ ಸದ್ದನ್ನು ವಾಪಸ್ ತೆಗೆದಳು. ಗಾಳಿ ಬಂತು, ತೆಪ್ಪ ಬಂತು, ಆನೆಯ ಕಿವಿ ಬಂತು.

“ಇದರ ಇನ್ನೊಂದು ಪ್ರತಿ ಎಲ್ಲಿದೆ?” ಅಕ್ಕಯ್ಯ ಕೇಳಿದರು.

“ಎಲ್ಲೂ ಇಲ್ಲ.”

“ಮೊದಲು ಅದು ಮಾಡು. ಆಮೇಲೆ ಬೇಕಾದಷ್ಟು ಹೆದರು.”

ಹೊಸ ಡಿಸ್ಕನ್ನು ಹೊರಗಿನಿಂದ ಯುಎಸ್‌ಬಿ ತಂತಿಯಲ್ಲಿ ಸಿಕ್ಕಿಸಿ ಹಳೆಯದರಲ್ಲಿದ್ದುದನ್ನೆಲ್ಲ ಅದಕ್ಕೆ ಇಳಿಸಿದಳು. ಇಳಿಯಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಸಿಂಚನ ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ಅಕ್ಕಯ್ಯ ಅಡುಗೆಮನೆಗೆ ಹೋಗಿ ಸೊಪ್ಪು ಬಿಡಿಸಿದರು.

ಮರುದಿನ ಬೆಳಿಗ್ಗೆ ಅವಳು ಪೆಟ್ಟಿಗೆ ತೆರೆದಳು. ಆದರೆ ಪೂರ್ತಿ ಬಿಚ್ಚಲು ಮನಸ್ಸಾಗಲಿಲ್ಲ. ಬೋರ್ಡಿನ ಒಂದು ಕಡೆಯ ಸ್ಕ್ರೂಗಳನ್ನಷ್ಟೇ ತೆಗೆದು, ಅದನ್ನು ಎತ್ತಿ ಹಿಡಿದು, ಆ ಸಂದಿಯಲ್ಲಿ ಬೆರಳು ತೂರಿಸಿದಳು. ಹಳೆ ಡಿಸ್ಕಿನ ಸ್ಕ್ರೂ ಬೆರಳ ತುದಿಗೆ ಸಿಕ್ಕಿತು. ಸಡಿಲವೂ ಆಯಿತು. ಮರುಕ್ಷಣ ಟಿಣ್ ಎಂದು ಒಳಗೆಲ್ಲೋ ಬಿತ್ತು.

ಅವಳು ಪೆಟ್ಟಿಗೆಯನ್ನು ಎತ್ತಿ ಅಲ್ಲಾಡಿಸಿದಳು. ಸ್ಕ್ರೂ ಒಳಗೇ ಉರುಳಾಡಿತು, ಹೊರಗೆ ಬರಲಿಲ್ಲ. ಇನ್ನೊಮ್ಮೆ ಜೋರಾಗಿ ಅಲ್ಲಾಡಿಸಿದಳು.

“ಅದೇನು ಗಿಲಕಿನಾ?” ಬಾಗಿಲಲ್ಲಿ ಅಕ್ಕಯ್ಯ ನಿಂತಿದ್ದರು.

“ಇನ್ನೇನು ಸಿಕ್ಕಿಬಿಡುತ್ತೆ ಅಕ್ಕಯ್ಯ.”

ಅಕ್ಕಯ್ಯ ಒಳಗೆ ಹೋಗಿ, ಒಗೆದು ಮಡಿಸಿಟ್ಟಿದ್ದ ಬಿಳಿ ಪಂಚೆಯೊಂದನ್ನು ತಂದು ಜಗಲಿಯ ಉದ್ದಕ್ಕೂ ಹಾಸಿದರು. ಸುಕ್ಕು ನೇವರಿಸಿ ಸರಿಮಾಡಿದರು. ಅದರ ಒಂದು ಅಂಚಿನಲ್ಲಿ ಕೂತರು.

ಪಂಚೆ ಬಹಳ ದೊಡ್ಡದಿತ್ತು. ಅಷ್ಟನ್ನೂ ತುಂಬಬೇಕಾದರೆ ಏನು ಮಾಡಬೇಕೆಂದು ಸಿಂಚನಳಿಗೆ ಅರ್ಥವಾಯಿತು.

ಬಿಡಿಭಾಗಗಳು ಸುಡದಿರಲೆಂದು ಪೆಟ್ಟಿಗೆಯ ಲೋಹವನ್ನು ಮುಟ್ಟಿ ಕೈಯಲ್ಲಿದ್ದ ಸ್ಥಿರವಿದ್ಯುತ್ತು ಇಳಿಸಿಕೊಂಡಳು. ಗ್ರಾಫಿಕ್ಸ್ ಕಾರ್ಡು ತೆಗೆದಳು, ಪಂಚೆಯ ಮೇಲಿಟ್ಟಳು. ಪವರ್ ಸಪ್ಲೈ ತೆಗೆದಳು. ತಂತಿಗಳನ್ನು ಒಂದೊಂದಾಗಿ ಕಳಚಿ, ಯಾವುದು ಎಲ್ಲಿಂದ ಬಂತೋ ಅದೇ ಕ್ರಮದಲ್ಲಿ ಸಾಲಾಗಿ ಮಲಗಿಸಿದಳು. ಕೊನೆಗೆ ಬೋರ್ಡು ಈಚೆ ಬಂತು.

ಬಿದ್ದಿದ್ದ ಸ್ಕ್ರೂ ಪೆಟ್ಟಿಗೆಯ ಮೂಲೆಯಲ್ಲಿ ತಣ್ಣಗೆ ಕೂತಿತ್ತು.

“ಇಷ್ಟೇನಾ?” ಎಂದಳು ಸಿಂಚನ. ಬಿಳಿ ಪಂಚೆಯ ಮೇಲೆ ಅವಳ ಕಂಪ್ಯೂಟರ್ ಹರಡಿಕೊಂಡಿತ್ತು. ನೋಡುತ್ತಾ ನೋಡುತ್ತಾ ಅವಳಿಗೆ ನಗು ಬಂತು. “ಇಷ್ಟಕ್ಕಾ ನಾನು ವರ್ಷಾನುಗಟ್ಟಲೆ ಹೆದರಿದ್ದು?”

“ಒಳಗೆ ಒತ್ತಾಗಿ ಕೂತಾಗ ಜಾಸ್ತಿ ಕಾಣುತ್ತೆ,” ಎಂದರು ಅಕ್ಕಯ್ಯ.

ಹಳೆಯದು ಹೋಗಿ ಹೊಸದು ಬಂತು. ಡಿಸ್ಕಿನ ಬೆನ್ನಿಗೆ ಮೆತ್ತನೆಯ ಒಂದು ಪಟ್ಟಿ ಅಂಟಿಸಿದಳು. ಆ ಪಟ್ಟಿ ಪೆಟ್ಟಿಗೆಯ ಲೋಹದ ಗೋಡೆಗೆ ತಾಗಿ, ಡಿಸ್ಕಿನ ಬಿಸಿ ಗೋಡೆಯ ಮೂಲಕ ಹೊರಗೆ ಹೋಗಬೇಕು. ಎಲ್ಲವನ್ನೂ ಮತ್ತೆ ಜೋಡಿಸಿ ಸ್ವಿಚ್ ಒತ್ತಿದಳು.

ಕಂಪ್ಯೂಟರ್ ಎದ್ದು ಕೂತಿತು. ಹಿಂದೆ ಆಟ ಶುರುವಾಗುವಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು. ಈಗ ಬೆರಳೊತ್ತಿದ ಕೂಡಲೇ ಕಾಡು ಕಿವಿ ತುಂಬಿತು. ಸಿಂಚನ ಜಗಲಿಯಿಂದ ಹಾರಿ ಅಂಗಳದಲ್ಲಿ ಕುಣಿದಳು.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ, ಕೊನೆಯದಾಗಿ ಒಮ್ಮೆ ನೋಡೋಣವೆಂದು ಆಟವನ್ನು ಮೊದಲಿನಿಂದ ಆಡಿದಳು. ಮೆಳೆ ದಾಟಿತು. ತರಗೆಲೆ ದಾಟಿತು. ಮರಿಯಾನೆ ಹೊಳೆಯ ನಡುವೆ ಬಂದಾಗ ನೀರಿನ ಸದ್ದು ತಡವರಿಸಿತು. ಕಡಿಯಿತು. ತಾಯಿಯ ಕೂಗು ಅರ್ಧಕ್ಕೇ ನಿಂತಿತು.

ಎಷ್ಟು ಸಲ ಆಡಿದರೂ ಅಲ್ಲೇ ತಡವರಿಕೆ.

“ನಾಳೆ ಮಕ್ಕಳು ಬರ್ತಾರೆ,” ಎಂದಳು ಸಿಂಚನ. “ಅವರಿಗೆ ಸದ್ದೇ ಕಣ್ಣು. ಹೊಳೆ ಮಧ್ಯದಲ್ಲಿ ಸದ್ದು ನಿಂತರೆ ಅವರೇನು ಮಾಡಬೇಕು? ಈ ಡಿಸ್ಕೇ ಸರಿಯಿಲ್ಲ ಅಕ್ಕಯ್ಯ. ಹಳೇದೇ ಹಾಕಿ, ಒಂದಷ್ಟು ಅಳಿಸಿಬಿಡ್ತೀನಿ.”

“ಅದು ಏನು ಹೇಳ್ತಿದೆ ನೋಡು ಮೊದಲು.”

ಸಿಂಚನ ಕಣ್ಣೊರೆಸಿಕೊಂಡು ತೆರೆಯಲ್ಲಿ ನೋಡಿದಳು. “ಡಿಸ್ಕ್ ಕಾದ ಕಾವಲಿ ಆಗಿದೆ. ಅಷ್ಟು ಬಿಸಿಯಾದರೆ ಅದು ತಾನೇ ನಿಧಾನ ಆಗುತ್ತೆ.”

ಅಕ್ಕಯ್ಯ ಅವಳ ಅಂಗೈ ಹಿಡಿದು ಪೆಟ್ಟಿಗೆಯ ಲೋಹದ ಗೋಡೆಯ ಮೇಲಿಟ್ಟರು. ಡಿಸ್ಕ್ ಇದ್ದದ್ದು ಅದರ ಒಳಬದಿಗೇ.

“ಹೇಗಿದೆ?”

“ತಣ್ಣಗಿದೆ.”

“ಒಳಗೆ ಬೇಯ್ತಿದೆ. ಹೊರಗೆ ತಣ್ಣಗಿದೆ.” ಅಕ್ಕಯ್ಯ ಅವಳ ಕೈ ಬಿಟ್ಟರು. “ನಡುವೆ ಯಾರೋ ನಿಂತಿದ್ದಾರೆ.”

ಅಷ್ಟು ಹೇಳಿ ಅವರು ಹೊಳೆಯ ಕಡೆ ಹೋದರು.

ಸಿಂಚನ ಗೋಡೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳು. ನಡುವೆ ಯಾರು? ಡಿಸ್ಕ್. ಅದರ ಮೇಲೆ ಪಟ್ಟಿ. ಪಟ್ಟಿಯ ಮೇಲೆ ಗೋಡೆ. ನಡುವೆ ಮತ್ತಾರೂ ಇಲ್ಲವಲ್ಲ. ಪಟ್ಟಿ ಅಂಟಿಸಿದ ಗಳಿಗೆಯನ್ನು ನೆನಪಿಗೆ ತಂದುಕೊಂಡಳು. ಒಂದು ಬದಿಯ ಪ್ಲಾಸ್ಟಿಕ್ ಹಾಳೆ ಸುಲಿದದ್ದು ನೆನಪಿತ್ತು. ಇನ್ನೊಂದು ಬದಿಯದು?

“ಅಯ್ಯೋ!” ಎಂದು ಹಣೆ ಚಚ್ಚಿಕೊಂಡಳು.

ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಅವಳು ತನ್ನೊಳಗೆ ಹಳೆಯ ಹೆದರಿಕೆಗಾಗಿ ಹುಡುಕಿದಳು. ಸಿಗಲಿಲ್ಲ. ಪಂಚೆಯನ್ನು ತಾನೇ ತಂದು ಹಾಸಿಕೊಂಡಳು.

ಕೈಗಳು ತಾವಾಗಿಯೇ ಕೆಲಸ ಮಾಡಿದವು. ಯಾವ ಸ್ಕ್ರೂ ಗಟ್ಟಿ, ಯಾವ ತಂತಿಯನ್ನು ಹೇಗೆ ಬಾಗಿಸಿದರೆ ಬರುತ್ತದೆ, ಎಲ್ಲ ಬೆರಳಿಗೆ ಗೊತ್ತಿತ್ತು. ಮೆಟ್ಟಿಲ ಕಡೆಯಿಂದ ಅಕ್ಕಯ್ಯ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಅದರ ತಾಳಕ್ಕೆ ಸಿಂಚನ ಏನೋ ಗುನುಗುತ್ತಿದ್ದಳು.

ಬೋರ್ಡು ಈಚೆ ಬಂತು. ಪಟ್ಟಿಯ ಮೇಲೆ ತೆಳ್ಳನೆಯ, ಕಣ್ಣಿಗೂ ಸರಿಯಾಗಿ ಕಾಣದ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಉಗುರಿನಿಂದ ಸುಲಿದು ಎಸೆದಳು.

ಅಕ್ಕಯ್ಯ ಒಗೆದ ಬಟ್ಟೆ ಹಿಂಡಿಕೊಂಡು ಮೇಲೆ ಬರುವಷ್ಟರಲ್ಲಿ ಸಿಂಚನ ಹೆಡ್‌ಫೋನ್ ಹಾಕಿಕೊಂಡು ಹೊಳೆಯ ಆಚೆ ದಡ ಮುಟ್ಟಿದ್ದಳು. ಒಂದು ಕೈ ಪೆಟ್ಟಿಗೆಯ ಗೋಡೆಯ ಮೇಲಿತ್ತು. ಗೋಡೆ ಬೆಚ್ಚಗಿತ್ತು.

ಭಾನುವಾರ ಮಕ್ಕಳು ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಜಗಲಿ ಹತ್ತಿದರು. ಜೊತೆಗೆ ಅವರ ಶಾಲೆಯ ಮೇಡಂ ಇದ್ದರು.

ಮೊದಲು ಆಡಲು ಬಂದವಳು ಜುಬೇದಾ. ಗಿಡ್ಡ ಜಡೆಯ, ಜೋರು ದನಿಯ ಹುಡುಗಿ. ಹೆಡ್‌ಫೋನ್ ಹಾಕಿಕೊಂಡ ಕೂಡಲೇ ಅವಳ ಮಾತು ನಿಂತಿತು.

“ಮೇಡಂ, ನನ್ನ ತಲೆ ಮೇಲೆ ಬಿದಿರಿದೆ,” ಎಂದಳು ಪಿಸುದನಿಯಲ್ಲಿ. ಸ್ವಲ್ಪ ಹೊತ್ತಿಗೆ, “ಯಾರೋ ಪಕ್ಕದಲ್ಲಿ ಬೀಸಣಿಗೆ ಬೀಸ್ತಿದ್ದಾರೆ.”

“ಅದು ಆನೆ ಕಿವಿ,” ಎಂದಳು ಸಿಂಚನ.

“ನಿಜವಾದ ಆನೇದಾ?”

“ನಿಜವಾದದ್ದೇ.”

ಜುಬೇದಾ ಕತ್ತು ಓರೆಮಾಡಿ ಇನ್ನೂ ಒಂದು ಸಲ ಕೇಳಿಸಿಕೊಂಡಳು. ಆಮೇಲೆ ಮುಂದಕ್ಕೆ ಹೊರಟಳು.

ಹೊಳೆ ಬಂತು. ಸಿಂಚನ ಇನ್ನೊಂದು ಹೆಡ್‌ಫೋನಿನಲ್ಲಿ ಕೇಳುತ್ತಿದ್ದಳು. ಜುಬೇದಾ ನೇರ ನೀರಿಗಿಳಿದಳು. ಸೆಳೆತ ಮರಿಯಾನೆಯನ್ನು ಹಿಂದಕ್ಕೆ ತಂದು ದಡಕ್ಕೆ ಹಾಕಿತು. ಇನ್ನೊಮ್ಮೆ ಇಳಿದಳು. ಇನ್ನೊಮ್ಮೆ ದಡಕ್ಕೆ ಬಿದ್ದಳು. ಸುತ್ತಲಿದ್ದ ಮಕ್ಕಳು ಉಸಿರಾಡುವುದನ್ನೂ ಮರೆತು ಅವಳ ಬೆರಳುಗಳ ಟಕಟಕ ಕೇಳುತ್ತಿದ್ದರು.

ಹೇಳಿಕೊಡಲೆಂದು ಸಿಂಚನ ಬಾಯಿ ತೆರೆದಳು. ಅಕ್ಕಯ್ಯ ತಲೆಯಾಡಿಸಿ ಬೇಡವೆಂದರು.

ಜುಬೇದಾ ನೀರಿನ ಅಂಚಿನಲ್ಲೇ ಮೆಲ್ಲಗೆ ನಡೆದಳು. ಒಂದು ಕಡೆ ಹೊಳೆಯ ದನಿ ತೆಳುವಾಯಿತು, ಕಲ್ಲಿನ ಮೇಲೆ ಹರಿಯುವ ಗುಳುಗುಳು ಕೇಳಿಸಿತು. “ಇಲ್ಲಿ ಆಳ ಇಲ್ಲ!” ಎಂದಳು. ಇಳಿದಳು.

ಹೊಳೆಯ ನಡುವೆ ಬಂದಳು. ನೀರು ಎರಡೂ ಕಿವಿಯಲ್ಲಿ ಮೊರೆಯಿತು. ಎಲ್ಲೂ ತಡವರಿಸಲಿಲ್ಲ, ಎಲ್ಲೂ ಕಡಿಯಲಿಲ್ಲ. ಆಚೆಯಿಂದ ತಾಯಿ ಕೂಗಿತು, ಹತ್ತಿರದಿಂದ, ಪೂರ್ತಿಯಾಗಿ.

“ಸಿಕ್ಕಿತು! ಅಮ್ಮ ಸಿಕ್ಕಿತು!” ಜುಬೇದಾ ಹೆಡ್‌ಫೋನ್ ಕಿತ್ತು ಎರಡೂ ಕೈ ಮೇಲೆತ್ತಿದಳು. ಮಕ್ಕಳೆಲ್ಲ ಒಟ್ಟಿಗೆ ಕೂಗಿ ಚಪ್ಪಾಳೆ ತಟ್ಟಿದರು. “ನಂಗೆ ಕೊಡು”, “ಈಗ ನನ್ನ ಸರದಿ” ಎಂದು ಜಗಲಿಯೇ ಕಿತ್ತುಹೋಗುವಷ್ಟು ಗದ್ದಲ. ಮೇಡಂ ಯಾರನ್ನೂ ಸುಮ್ಮನಿರಿ ಎನ್ನಲಿಲ್ಲ, ಅವರೇ ಕಣ್ಣೊರೆಸಿಕೊಳ್ಳುತ್ತಿದ್ದರು.

ಸಂಜೆಯವರೆಗೆ ಪ್ರತಿ ಮಗುವೂ ಆಡಿತು. ಪ್ರತಿ ಮರಿಯೂ ತಾಯಿಯನ್ನು ಸೇರಿತು.

ಹೊರಡುವಾಗ ಜುಬೇದಾ ಸಿಂಚನಳ ಕೈ ಹಿಡಿದುಕೊಂಡಳು. “ಅಕ್ಕಾ, ಮುಂದಿನ ಸಲಕ್ಕೆ ಮಳೆ ಹಾಕ್ತೀರಾ? ಗುಡುಗು? ಹುಲಿ ಬೇಕು. ಇನ್ನೊಂದು ಊರು ಬೇಕು, ಅದರಲ್ಲಿ ಸಂತೆ ಇರಬೇಕು.”

“ಹಾಕ್ತೀನಿ,” ಎಂದಳು ಸಿಂಚನ. “ಎಲ್ಲಾ ಹಾಕ್ತೀನಿ.”

ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಕೈ ಬೀಸುತ್ತಾ ನಿಂತಿದ್ದಳು. ಹಿಂದಿರುಗಿ ಬಂದು ಅಕ್ಕಯ್ಯನ ಪಕ್ಕ ಮೆಟ್ಟಿಲ ಮೇಲೆ ಕೂತಳು. ಮುಖದ ಮೇಲಿನ ನಗು ಇನ್ನೂ ಇಳಿದಿರಲಿಲ್ಲ.

“ಮಳೆ, ಗುಡುಗು, ಹುಲಿ, ಸಂತೆ,” ಎಂದಳು. “ಅಕ್ಕಯ್ಯ, ಇದೂ ಒಂದಿನ ತುಂಬಿಹೋಗುತ್ತೆ.”

“ತುಂಬಲಿ ಬಿಡು,” ಎಂದರು ಅಕ್ಕಯ್ಯ. “ನಿನಗೀಗ ಬಿಚ್ಚೋಕೆ ಬರುತ್ತೆ.”