ಹಿತ್ತಾಳೆ ಬಕಲ್ಲೂ ಗಿಟಾರೂ

ಬ್ಲೂಗ್ರಾಸ್ ಎಂಬ ಅಮೆರಿಕದ ಜನಪದ ಸಂಗೀತ ನುಡಿಸುವ ತಂತಿವಾದ್ಯಗಳ ಮೇಳದಲ್ಲಿ ಒಬ್ಬ ಹಾಡುಗಾರನಿದ್ದ. ವೇದಿಕೆಯ ಮೇಲೆ ಮೆರೆಯಲೆಂದೇ ಅವನು ಅಂಗೈಯಗಲದ ಹಿತ್ತಾಳೆ ಬಕಲ್ಲಿನ ಬೆಲ್ಟೊಂದನ್ನು ಮಾಡಿಸಿಕೊಂಡ. ಆದರೆ ಹಾಡು ಶುರುವಾಯಿತೆಂದರೆ ಅವನು ನುಡಿಸುವ ಗಿಟಾರು ಬಂದು ಬಕಲ್ಲಿಗೆ ಅಡ್ಡ ನಿಲ್ಲುತ್ತಿತ್ತು. ಪಾಪ, ಬಕಲ್ಲಿಗೆ ಕಾಣುತ್ತಿದ್ದುದು ಗಿಟಾರಿನ ಬೆನ್ನು ಮಾತ್ರ.

"ಸ್ವಲ್ಪ ಆಚೆ ಸರಿಯಮ್ಮಾ," ಎಂದಿತು ಬಕಲ್ಲು. "ಬೆಳಗಿನಿಂದ ಹುಣಸೆಹಣ್ಣು ಹಚ್ಚಿ ನನ್ನನ್ನು ತಿಕ್ಕಿದ್ದಾರೆ. ಜನ ನೋಡಬೇಡವೇ?"

"ನಾನು ಸರಿದರೆ ಅವನು ಏನನ್ನು ನುಡಿಸಬೇಕಪ್ಪಾ, ನಿನ್ನನ್ನೇ?" ಎಂದಿತು ಗಿಟಾರು. "ಮೊದಲು ಈ ಕೆರೆತ ನಿಲ್ಲಿಸು. ನನ್ನ ಬೆನ್ನಿನ ಹಲಗೆ ಸವೆದುಹೋಗಿದೆ. ಅದು ಬಿರುಕುಬಿಟ್ಟರೆ ನನ್ನ ದನಿ ಹೋಯಿತೆಂದೇ ತಿಳಿ."

"ಹೋಗಲಿ ಬಿಡು, ನನಗೆ ಜಾಗವಾದರೂ ಆದೀತು," ಎಂದು ಬಕಲ್ಲು ಹಾಡು ಹಾಡಿಗೂ ಕೆರೆಯಿತು. ಒಂದು ದಿನ ಹಲಗೆ ಚಟ್ಟೆಂದು ಬಿರುಕುಬಿಟ್ಟಿತು. ಗಿಟಾರನ್ನು ರಿಪೇರಿಗೆ ಕಳಿಸಿದರು.

ಮರುದಿನ ಹಾಡುಗಾರ ಬರಿಗೈಯಲ್ಲಿ ವೇದಿಕೆ ಹತ್ತಿದ. ದೀಪದ ಬೆಳಕೆಲ್ಲ ಬಕಲ್ಲಿನ ಮೇಲೇ ಬಿತ್ತು. "ನೋಡಿ, ಈಗ ನೋಡಿ!" ಎಂದು ಅದು ಥಳಥಳಿಸಿತು. ಹಾಡುಗಾರನಿಗೋ, ಇಪ್ಪತ್ತು ವರ್ಷ ಗಿಟಾರು ಹಿಡಿದ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಜೇಬಿಗೆ ಹಾಕಿದ, ತೆಗೆದ, ಬೆನ್ನ ಹಿಂದೆ ಕಟ್ಟಿದ, ಬಿಟ್ಟ. ಕೊನೆಗೆ ಎರಡೂ ಅಂಗೈಗಳನ್ನು ಬಕಲ್ಲಿನ ಮೇಲೆ ಒತ್ತಿಕೊಂಡು ಹಾಡತೊಡಗಿದ. ಕಡೆಯ ಹಾಡು ಮುಗಿಯುವವರೆಗೂ ಕೈ ತೆಗೆಯಲಿಲ್ಲ. ತೆಗೆದಾಗ ಅವನ ಬೆವರಿಗೆ ಹಿತ್ತಾಳೆ ಮಂಕಾಗಿತ್ತು.