ಕುಂಬಾರರ ಕಣಜ

"ಗುರುಗಳೇ, ಬೊಕ್ಕಸದ ತಳ ಕಾಣುತ್ತಿರುವಾಗ ಮುದುಕರ ಮಾಸಾಶನವನ್ನು ಎಷ್ಟು ಕಡಿತ ಮಾಡಿದರೆ ಧರ್ಮ ಕೆಡುವುದಿಲ್ಲ?"

ಕೇಳಿದವನು ಮರುಳಪ್ಪ. ಹಿಂದೆ ಇದೇ ಮಠದಲ್ಲಿ ಓದಿದವನು, ಈಗ ಅರಸನ ಬೊಕ್ಕಸದ ಅಧಿಕಾರಿ. ಮುಂದಿನ ವರ್ಷದ ಆಯವ್ಯಯವನ್ನು ಸಭೆಯ ಮುಂದೆ ಇಡುವ ಹೊಣೆ ಅವನದಾಗಿತ್ತು. ವರಮಾನ ಇಳಿದಿತ್ತು, ಖರ್ಚು ಏರಿತ್ತು. ದುಡಿಯಲಾರದ ಮುದುಕರಿಗೂ ದಿಕ್ಕಿಲ್ಲದ ಹೆಂಗಸರಿಗೂ ತಿಂಗಳು ತಿಂಗಳು ಕೊಡುವುದನ್ನು ಅರ್ಧಕ್ಕೆ ಇಳಿಸು, ಎಲ್ಲ ಸರಿಹೋಗುತ್ತದೆ ಎಂದು ಮೇಲಿನವರು ಹೇಳಿದ್ದರು. ಅರ್ಧವೋ ಕಾಲುಭಾಗವೋ ತೋಚದೆ ಅವನು ನಿದ್ದೆಗೆಟ್ಟಿದ್ದ.

ಗುರುಗಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕತ್ತರಿ ಹಿಡಿದುಕೊಂಡೇ ಬಂದಿದ್ದೀಯಲ್ಲಯ್ಯಾ! ಅದನ್ನು ಒಂದು ಗಳಿಗೆ ಕೆಳಗಿಟ್ಟು ಕೂತುಕೋ. ಒಂದು ಕುಂಬಾರರ ಊರಿನ ಕತೆ ಹೇಳುತ್ತೇನೆ" ಎಂದರು. ಮರುಳಪ್ಪ ಕೂತ. ಗುರುಗಳು ಹೇಳತೊಡಗಿದರು.

ಆ ಊರಿನಲ್ಲಿ ಇದ್ದವರೆಲ್ಲ ಕುಂಬಾರರೇ. ಮಡಕೆ ಮಾಡುವುದು, ಸುತ್ತಲ ಹಳ್ಳಿಗಳಿಗೆ ಒಯ್ದು ಕೊಡುವುದು, ಬದಲಿಗೆ ರಾಗಿ ತರುವುದು, ಇದೇ ಅವರ ಬದುಕು. ಕುಂಬಾರನಿಗೆ ಕೈಯೇ ಹೊಲ, ಕೈಯೇ ಎತ್ತು. ಆದರೆ ತಣ್ಣನೆಯ ಮಣ್ಣು ಕಲಸಿ ಕಲಸಿ ಒಂದಲ್ಲ ಒಂದು ದಿನ ಆ ಕೈಯ ಗೆಣ್ಣುಗಳು ಹಿಡಿದುಕೊಳ್ಳುತ್ತವೆ. ಆಮೇಲೆ ತಿಗರಿ ತಿರುಗಿದರೂ ಮಡಕೆ ಏಳುವುದಿಲ್ಲ. ಅದಕ್ಕೆಂದೇ ಊರಿನ ಹಿರಿಯರು ಒಂದು ಕಣಜ ಕಟ್ಟಿದ್ದರು. ತಿಗರಿ ತಿರುಗುವ ಮನೆಯವರು ಬೆಳಿಗ್ಗೆ ಒಲೆ ಹೊತ್ತಿಸುವ ಮುಂಚೆ ಕಣಜಕ್ಕೆ ಒಂದು ಹಿಡಿ ರಾಗಿ ಹಾಕಬೇಕು. ಕೈ ಸೋತವರು ಮಧ್ಯಾಹ್ನ ಬಂದು ಮೂರು ಹಿಡಿ ತೆಗೆದುಕೊಂಡು ಹೋಗಬೇಕು. ಬರಲಾರದವರಿದ್ದರೆ ಅವರ ಮನೆಯವರು ಬಂದು ತೆಗೆದುಕೊಳ್ಳಬಹುದು. ಇಷ್ಟೇ ಕಟ್ಟಳೆ.

ಹಿಡಿಯೇ ಯಾಕೆ, ಪಾವು ಸೇರು ಇರಲಿಲ್ಲವೇ ಎಂದು ಕೇಳುತ್ತೀಯ. ಇತ್ತು, ಬೇಕಾದಷ್ಟಿತ್ತು. ಸಂತೆಯವರಿಗೆ ಅಳತೆಯ ಕುಡಿಕೆ ಮಾಡಿಕೊಡುತ್ತಿದ್ದವರೇ ಅವರು! ಮಾರುವವನಿಗೆ ತಳ ದಪ್ಪ ಮಾಡಿಕೊಡುವುದು, ಕೊಳ್ಳುವವನಿಗೆ ಹೊಟ್ಟೆ ಉಬ್ಬಿಸಿ ಕೊಡುವುದು ಅವರಿಗೆ ಕರಗತ. ಹಾವಿನ ಹೆಜ್ಜೆ ಹಾವಿಗೇ ಗೊತ್ತು. ಅದಕ್ಕೇ ಹಿರಿಯರು, "ಪಾತ್ರೆಯನ್ನು ನಂಬಬೇಡಿ, ಅದು ನಾವು ಮಾಡಿದ್ದು. ಕೈಯನ್ನು ನಂಬಿ, ಅದು ದೇವರು ಮಾಡಿದ್ದು" ಎಂದು ಹೇಳಿ ಕಣಜದೊಳಗೆ ಪಾತ್ರೆ ಬರದಂತೆ ಮಾಡಿದರು. ಬೇರೆ ಯಾವ ಊರಿನವರೂ ಹಾಗೆ ಮಾಡುತ್ತಿರಲಿಲ್ಲ. ಬಲು ಜಾಣರು ಬೀಳುವ ಹಳ್ಳವೇ ಬೇರೆ ಇರುತ್ತದೆ, ನೋಡು. ಒಂದು ಹಿಡಿ ಎಂದರೇ ಹೊರತು ಯಾರ ಹಿಡಿ ಎಂದು ಅವರು ಹೇಳಲಿಲ್ಲ.

ಮೊದಮೊದಲು ಮನೆಯ ಯಜಮಾನನೇ ಬಂದು ಹಾಕುತ್ತಿದ್ದ. ಆಮೇಲೆ ಹೆಂಡತಿ ಬಂದಳು. ಆಮೇಲೆ ಮಗಳು. ಅವಳ ತಂಗಿ. ವರ್ಷ ಕಳೆದಂತೆ ಕೊಡುವ ಕೈ ಚಿಕ್ಕದಾಗುತ್ತ ಬಂತು. ತಗೊಳ್ಳುವ ಕೈ ಸುಮ್ಮನಿದ್ದೀತೇ? ಅದು ದೊಡ್ಡದಾಗುತ್ತ ಹೋಯಿತು. ಅಜ್ಜನಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಮಗ ಬಂದ. ಮಗನಿಗಿಂತ ಮೊಮ್ಮಗನ ಅಂಗೈ ಅಗಲ ಎಂದು ಮೊಮ್ಮಗ ಬಂದ. ಒಬ್ಬನಂತೂ ಗರಡಿಯಲ್ಲಿ ಸಾಮು ಮಾಡುತ್ತಿದ್ದ ತನ್ನ ಅಣ್ಣನ ಮಗನನ್ನೇ ಕಳಿಸಿದ. ಆ ಜಟ್ಟಿ ಕಣಜಕ್ಕೆ ಕೈ ಹಾಕಿದರೆ ಹೊರಗೆ ಬರುತ್ತಿದ್ದದ್ದು ಹಿಡಿಯಲ್ಲ, ಬುಟ್ಟಿ! ಯಾರೂ ಕಟ್ಟಳೆ ಮೀರಲಿಲ್ಲ. ಎಲ್ಲರೂ ಒಂದೇ ಹಿಡಿ ಕೊಟ್ಟರು, ಎಲ್ಲರೂ ಮೂರೇ ಹಿಡಿ ತಗೊಂಡರು. ಕಣಜ ಮಾತ್ರ ಇಳಿಯುತ್ತ ಹೋಯಿತು.

ಕಣಜ ನೋಡಿಕೊಳ್ಳಲು ಊರವರು ಒಬ್ಬ ಕುಂಬಾರನನ್ನು ನೇಮಿಸಿದ್ದರು. ಮಿತಭಾಷಿ, ಹಟಮಾರಿ. ಕಣಜದ ಮರೆಯಲ್ಲಿ ಕೂತು ಬಾಗಿಲು ತೆಗೆಯುವುದು, ಹಾಕುವುದು, ಇಲಿ ಹೆಗ್ಗಣ ನೋಡಿಕೊಳ್ಳುವುದು ಅವನ ಕೆಲಸ. ಯಾರ ಕೈ ಒಳಗೆ ಬಂತು, ಯಾರ ಕೈ ಹೋಯಿತು ಎಂದು ಅವನು ನೋಡುತ್ತಿರಲಿಲ್ಲ. ಹಿರಿಯರ ಕಟ್ಟಳೆ, ನನಗ್ಯಾಕೆ ಎಂದು ಇದ್ದುಬಿಟ್ಟಿದ್ದ. ಒಂದು ದಿನ ಕಣಜದೊಳಗೆ ರಾಗಿ ಗುಡಿಸಿ ಒಟ್ಟುವಾಗ ಪೊರಕೆ ಬರಿ ನೆಲಕ್ಕೆ ತಾಗಿತು. ಅವನು ಓಡಿಹೋಗಿ ಊರವರಿಗೆ ಹೇಳಿದ.

ಊರವರು ಕೂಡಿದರು. ಮಾತಿಗೆ ಮೊದಲೇ ತೀರ್ಮಾನ ಬಂದಿತ್ತು. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ನಾಳಿದ್ದಿನಿಂದ ಮೂರು ಹಿಡಿ ಬೇಡ, ಒಂದೇ ಹಿಡಿ ಸಾಕು" ಎಂದರು. ಎಲ್ಲರೂ ತಲೆದೂಗಿದರು. ಒಂದು ಮಾಡಿದರೂ ಜಟ್ಟಿಯ ಮನೆಗೆ ನಷ್ಟವೇನಿರಲಿಲ್ಲ, ಅವರ ಅಜ್ಜನಿಗೆ ಆ ಒಂದು ಹಿಡಿಯಲ್ಲೇ ಎರಡು ಹೊತ್ತು ಮುದ್ದೆ ಆಗುತ್ತಿತ್ತು.

ಮಧ್ಯಾಹ್ನ ಒಬ್ಬ ಮುದುಕಿ ರಾಗಿಗೆ ಬಂದಳು. ಮಕ್ಕಳಿಲ್ಲ, ಮರಿಯಿಲ್ಲ, ತನ್ನ ಕೈಯೇ ತನಗೆ. ಒಂದು ಕಾಲದಲ್ಲಿ ಕಾಳು ತುಂಬಿಡುವ ಆಳೆತ್ತರದ ವಾಡೆಗಳನ್ನು ತಟ್ಟಿ ನಿಲ್ಲಿಸಿದ ಕೈ ಅದು. ಈಗ ಬೆರಳುಗಳು ಬೇರಿನ ಹಾಗೆ ಸೊಟ್ಟಗಾಗಿದ್ದವು. ಮುಚ್ಚಲು ಬಾರದ ಆ ಮುಷ್ಟಿಯಿಂದ ಅವಳು ಮೂರು ಸಲ ರಾಗಿ ಎತ್ತಿದಳು. ಅರ್ಧ ಬೆರಳ ಸಂದಿಯಲ್ಲಿ ಸೋರಿತು. ಕಣಜದವನು ಅಂದು ಮೊದಲ ಸಲ ಅವಳ ಕೈ ನೋಡಿದ.

"ನಾಳಿದ್ದಿನಿಂದ ಒಂದೇ ಅಂತೆ, ಹೌದೇನಪ್ಪ?" ಎಂದಳು ಮುದುಕಿ.

"ಹಾಗೆ ಅಂದಿದ್ದಾರೆ, ಅಜ್ಜಿ."

"ಒಂದು ಹಿಡಿಯಲ್ಲಿ ಅಂಬಲಿಯೂ ಆಗೋದಿಲ್ಲ ಕಣಪ್ಪ. ಆಗಲಿ, ಬಿಡು" ಎಂದು ಸೆರಗಿನ ಗಂಟು ಕಟ್ಟಿಕೊಂಡು ಹೋದಳು. ಅತ್ತಿದ್ದರೆ ಅವನು ಸಮಾಧಾನ ಹೇಳಿ ಕೈತೊಳೆದುಕೊಳ್ಳುತ್ತಿದ್ದ. ಅವಳು ಅಳಲಿಲ್ಲ. ಒಂದು ಹಿಡಿಯಾದರೆ ಮಳೆಗಾಲಕ್ಕೆ ಮುಂಚೆ ಈಕೆ ಸಾಯುತ್ತಾಳೆ ಎಂದು ಅವನಿಗೆ ಗೊತ್ತಾಯಿತು. ಊರಿನಲ್ಲಿ ಬೇರೆ ಯಾರಿಗೂ ಏನೂ ಆಗುವುದಿಲ್ಲ ಎಂದೂ ಗೊತ್ತಾಯಿತು.

ಮಾರನೆಯ ಬೆಳಿಗ್ಗೆ ಅವನು ಕಣಜದ ಬಾಯಿಯ ಎದುರಿಗೇ ಕೂತ. ಬಂದ ಒಂದೊಂದು ಕೈಯನ್ನೂ ನೋಡಿದ. ಒಬ್ಬಳು ಸೊಂಟದ ಮೇಲೆ ಹಾಲುಗೂಸನ್ನು ಎತ್ತಿಕೊಂಡು ಬಂದಳು. ಕೂಸಿನ ಕೈಯನ್ನು ರಾಗಿಯಲ್ಲಿ ಅದ್ದಿ, ಮುಷ್ಟಿ ಕಟ್ಟಿಸಿ, ಕಣಜದ ಮೇಲೆ ಬಿಡಿಸಿದಳು. ಬಿದ್ದದ್ದು ನಾಲ್ಕು ಕಾಳು. ಉಳಿದದ್ದನ್ನು ಕೂಸು ಬಾಯಿಗೆ ಹಾಕಿಕೊಂಡಿತು! ಕಣಜದವನು ತಲೆಯೆತ್ತಿ ನೋಡಿದ. ಅವಳು ಅವನ ಸೊಸೆ, ಕೂಸು ಅವನ ಮೊಮ್ಮಗ.

"ಏನಮ್ಮಾ ಇದು?" ಎಂದ.

"ಊರೆಲ್ಲಾ ಹೀಗೇ ಮಾಡುತ್ತೆ. ನಾವೊಬ್ಬರೇ ದಡ್ಡರಾಗಬೇಕೇ, ಮಾವ? ನಿಮ್ಮ ಮಗನೇ ಹೇಳಿ ಕಳಿಸಿದ್ದು" ಎಂದಳು ಸೊಸೆ.

ಅವನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಮಾಡುವುದು? ತನ್ನ ಮನೆಯ ದೋಸೆಯೇ ತೂತಾಗಿತ್ತು. ಅವನು ಎದ್ದ. ಮನೆಗೆ ಹೋಗಿ ಮಗನನ್ನು ರೆಟ್ಟೆ ಹಿಡಿದು ಕರೆತಂದು ಒಂದು ತುಂಬು ಹಿಡಿ ಹಾಕಿಸಿದ. ಆಮೇಲೆ ನೇರ ಊರವರ ಮುಂದೆ ಹೋಗಿ ನಿಂತ.

"ಮೂರನ್ನು ಒಂದು ಮಾಡೋದಿಲ್ಲ" ಎಂದ. "ಹಾಸಿಗೆ ನೋಡಿ ಕಾಲು ಚಾಚು ಅಂದಿರಿ, ಸರಿ. ಆ ಹಾಸಿಗೆಯನ್ನು ತುಂಡು ಮಾಡಿದವರು ಯಾರು ಅಂತ ಕೇಳೋದು ಬೇಡವೇ? ಅದರಲ್ಲಿ ನನ್ನ ಮನೆಯವರೂ ಇದ್ದಾರೆ, ಅದನ್ನೂ ಹೇಳಿಬಿಡುತ್ತೇನೆ. ನಾಳೆಯಿಂದ ಕಣಜಕ್ಕೆ ಹಾಕೋದಾಗಲಿ ತೆಗೆಯೋದಾಗಲಿ ಒಂದೇ ಕೈ. ಎಲ್ಲರಿಗೂ ಅದೇ ಕೈ. ಒಪ್ಪದಿದ್ದರೆ ಬೀಗದ ಕೈ ಇಲ್ಲೇ ಇಟ್ಟಿದ್ದೇನೆ, ಧೈರ್ಯ ಇದ್ದವರು ತಗೊಂಡು ನೀವೇ ಆ ಮುದುಕಿಗೆ ಒಂದು ಹಿಡಿ ಕೊಡಿ."

ಬೀಗದ ಕೈಯನ್ನು ಯಾರೂ ಮುಟ್ಟಲಿಲ್ಲ. ಆದರೆ ಯಾರ ಕೈ ಎಂಬ ಜಗಳ ಎದ್ದಿತು. ಮುದುಕರಿದ್ದ ಮನೆಯವರು ಜಟ್ಟಿಯ ಕೈ ಇರಲಿ ಎಂದರು. ಮುದುಕರಿಲ್ಲದ ಮನೆಯವರು ಯಾವುದಾದರೂ ಕೂಸಿನ ಕೈ ಸಾಕು ಎಂದರು. ಕೂಗಾಟದಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಕಣಜದವನು ಎಲ್ಲರ ಗಂಟಲು ಸೋಲುವವರೆಗೆ ಸುಮ್ಮನೆ ನಿಂತಿದ್ದು, ಕೊನೆಗೆ, "ಮುದುಕಿಯ ಕೈ" ಎಂದ.

ಎಲ್ಲರೂ ನಕ್ಕರು. ಅಂಥ ಮುರುಟಿದ ಕೈಯಲ್ಲಿ ಒಂದು ಹಿಡಿ ಕೊಡಲು ಯಾರಿಗೆ ಕಷ್ಟ? ನಗುತ್ತಲೇ ಒಪ್ಪಿದರು. ತೆಗೆಯುವಾಗಲೂ ಅದೇ ಕೈ ಎಂಬುದನ್ನು ಆ ನಗುವಿನಲ್ಲಿ ಮರೆತರು.

ಮರುದಿನ ಮುದುಕಿ ಕಣಜದ ಬಾಯಿಯಲ್ಲಿ ಕೂತಳು. ಬೆಳಿಗ್ಗೆ ಕೊಡುವವರು ಮೊರದಲ್ಲಿ ರಾಗಿ ತಂದು ಅವಳ ಮುಂದೆ ಹಿಡಿದರು. ಅವಳು ಒಂದೊಂದು ಮೊರದಿಂದಲೂ ತನ್ನ ಸೊಟ್ಟ ಕೈಯಲ್ಲಿ ಒಂದೊಂದು ಹಿಡಿ ಎತ್ತಿ ಒಳಗೆ ಹಾಕಿದಳು. ತುಂಬಿದ ಮೊರ ತುಂಬಿದ ಹಾಗೆಯೇ ಮನೆಗೆ ಹೋಯಿತು. ಊರೆಲ್ಲ ಖುಷಿಯೋ ಖುಷಿ. ಕಣಜದವನ ಹೆಂಡತಿ, "ನಿಮಗೆ ಬುದ್ಧಿ ನೆಟ್ಟಗಿದೆಯೇ?" ಎಂದು ಬೈದಳು.

ಮಧ್ಯಾಹ್ನ ತಗೊಳ್ಳುವವರು ಬಂದರು. ಮುಂದೆ ನಿಂತವನು ಜಟ್ಟಿಯೇ. ಅಭ್ಯಾಸಬಲದಿಂದ ಕೈ ಚಾಚಿದ. ಕಣಜದವನು ಆ ಕೈಗೆ ಅಡ್ಡ ನಿಂತ. ಮುದುಕಿ ತನ್ನ ಕೈಯಿಂದ ಒಂದು, ಎರಡು, ಮೂರು ಎಂದು ಎತ್ತಿ ಜಟ್ಟಿಯ ವಸ್ತ್ರಕ್ಕೆ ಹಾಕಿದಳು. ವಸ್ತ್ರದ ನಡುವೆ ರಾಗಿ ಎಲ್ಲಿದೆ ಎಂದು ಹುಡುಕಬೇಕಿತ್ತು.

ಜಟ್ಟಿ ಕೆಂಡವಾದ. "ಇಷ್ಟರಲ್ಲಿ ಒಂದು ಜೀವ ಬದುಕೋದು ಹ್ಯಾಗೆ, ಅಜ್ಜಿ?" ಎಂದು ಅಬ್ಬರಿಸಿದ.

"ನಾನು ಇಷ್ಟು ವರ್ಷ ತಿಂದಿದ್ದು ಇದೇ ಕಣಪ್ಪ" ಎಂದಳು ಮುದುಕಿ.

ಅವಳು ವ್ಯಂಗ್ಯ ಮಾಡಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ್ದಳು, ಅಷ್ಟೇ. ಜಟ್ಟಿ ವಸ್ತ್ರವನ್ನು ನೋಡಿದ, ಅವಳನ್ನು ನೋಡಿದ. ಹಿಂದೆ ನಿಂತವರೂ ನೋಡಿದರು. ಅಷ್ಟು ದೊಡ್ಡ ಆಳು ವಸ್ತ್ರ ಗಂಟು ಕಟ್ಟಿಕೊಂಡು ಪಕ್ಕಕ್ಕೆ ಸರಿದ.

ಅವತ್ತೇ ಊರವರು ಮತ್ತೆ ಕೂಡಿದರು. ಈ ಸಲ ಯಾರೂ ನಗಲಿಲ್ಲ. ಈ ಕೈಯಲ್ಲಿ ಒಬ್ಬ ಮುದುಕನಿಗೆ ದಿನಕ್ಕೆ ಎಷ್ಟು ಹಿಡಿ ಬೇಕು ಎಂದು ಮೊದಲು ಕೇಳಿಕೊಂಡರು. ಅಷ್ಟು ಕೊಡಬೇಕಾದರೆ ಒಂದೊಂದು ಮನೆಯವರು ಎಷ್ಟು ಹಿಡಿ ಹಾಕಬೇಕು ಎಂದು ಆಮೇಲೆ. ಮೂರು ತಿಗರಿ ಇರುವ ಮನೆಯವನೂ ಒಂದು ತಿಗರಿಯ ಮನೆಯವನೂ ಅಷ್ಟಷ್ಟೇ ಹಾಕುವುದು ಯಾವ ನ್ಯಾಯ ಎಂದು ಒಬ್ಬ ಬಡಪಾಯಿ ಕೇಳಿದ. ಮೂರು ತಿಗರಿಯವನು ಮುಖ ಗಂಟು ಹಾಕಿಕೊಂಡ. ಜಗಳವೇನೂ ಕಡಿಮೆ ಇರಲಿಲ್ಲ, ದಿನಗಟ್ಟಲೆ ನಡೆದು ಕಡೆಗೆ ಒಂದು ಲೆಕ್ಕಕ್ಕೆ ಬಂತು. ಇಬ್ಬರು ಮುನಿಸಿಕೊಂಡು ಕಣಜಕ್ಕೆ ಬರುವುದನ್ನೇ ಬಿಟ್ಟರು. ಕಣಜದವನು ಅವರ ಮನೆ ಬಾಗಿಲಿಗೇ ಮುದುಕಿಯನ್ನು ಕರೆದುಕೊಂಡು ಹೋಗಿ ನಿಂತ. ಬೈದರು, ನಿಂತ. ಬಾಗಿಲು ಹಾಕಿದರು, ಆಗಲೂ ನಿಂತ. ಕೊನೆಗೆ ಅವರ ಹೆಂಡಂದಿರು ಮೊರ ಹಿಡಿದು ಹೊರಗೆ ಬಂದರು. ಮುದುಕಿ ನಿಧಾನವಾಗಿ, ಒಂದೂ ಹೆಚ್ಚಿಲ್ಲದೆ ಒಂದೂ ಕಡಿಮೆಯಿಲ್ಲದೆ, ಅವರ ಪಾಲನ್ನು ಎತ್ತಿಕೊಂಡಳು.

ಆ ವರ್ಷ ಕಣಜ ತುಂಬಿ ತುಳುಕಲಿಲ್ಲ. ಆದರೆ ಪೊರಕೆ ಮತ್ತೆ ನೆಲಕ್ಕೆ ತಾಗಲಿಲ್ಲ. ಮಳೆಗಾಲ ಬಂತು, ಹೋಯಿತು. ಮುದುಕಿ ಬದುಕಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಮರುಳಪ್ಪ ತಡಮಾಡಲಿಲ್ಲ. ಅರಮನೆಯ ಕೆಲಸದವನು, ಅವನಿಗೆ ಬೇಕಾದದ್ದು ಸಭೆಯ ಮುಂದೆ ಹೇಳಬಹುದಾದ ಒಂದು ಮಾತು. "ಗುರುಗಳೇ, ಕೊನೆಗೆ ಆ ಊರಿನವರು ಎಷ್ಟು ಹಿಡಿ ಎಂದು ಗೊತ್ತುಮಾಡಿದರು? ಅದನ್ನು ಹೇಳಿದರೆ ನಮ್ಮಲ್ಲೂ ಎಷ್ಟು ಕಡಿಯಬೇಕೆಂದು ಲೆಕ್ಕ ಹಾಕುತ್ತೇನೆ" ಎಂದು ಕೇಳಿದ.

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು: "ಎಷ್ಟು ಎಂದು ಕೇಳುವುದನ್ನು ಬಿಟ್ಟು ಹೇಳು ಮರುಳಪ್ಪ, ನಿನ್ನ ಅರಮನೆಯಲ್ಲಿ ಅಳೆಯುತ್ತಿರುವುದು ಯಾರ ಕೈ?"