ಮಗ್ಗದ ಗುಂಡಿ

"ಗುರುಗಳೇ, ನ್ಯಾಯ ಹೇಳಲು ಕೂರುವವನನ್ನು ಜನರ ಮುಂದೆ ನಿಲ್ಲಿಸಿ ಪ್ರಶ್ನೆ ಕೇಳುತ್ತಾರಲ್ಲ, ಅದು ಒಳ್ಳೆಯದೇ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಗುರು ಒಂದು ಕಥೆ ಹೇಳಿದರು:

ಒಬ್ಬ ನೇಕಾರನಿದ್ದ. ಅವನ ಹೆಂಡತಿ ತೀರಿಕೊಂಡಳು. ಮಣ್ಣಿಗೆ ಒಯ್ಯೋಣವೆಂದರೆ ರುದ್ರಭೂಮಿಯ ದಾರಿಗೆ ಒಬ್ಬ ಸಾಹುಕಾರ ಮುಳ್ಳುಬೇಲಿ ಹಾಕಿಸಿದ್ದ. ದಾರಿ ತನ್ನದು ಅನ್ನುತ್ತಿದ್ದ. ನ್ಯಾಯಾಧಿಕಾರಿಯ ಮಾತಿಲ್ಲದೆ ಬೇಲಿ ಮುಟ್ಟುವ ಧೈರ್ಯ ಹೆಗಲು ಕೊಡುವವರಿಗೂ ಇರಲಿಲ್ಲ. ಹಳೆಯ ನ್ಯಾಯಾಧಿಕಾರಿ ಸತ್ತಿದ್ದ. ಅರಸು ಹೊಸಬನನ್ನು ಕಳಿಸಿದ್ದ. ಆದರೆ ಎರಡು ಓಣಿಯ ಹಿರಿಯರು ಪ್ರಶ್ನೆ ಕೇಳಿ, ಜನ ಕೈ ಎತ್ತಿದ ಮೇಲೆಯೇ ಅವನು ಪೀಠ ಏರಬೇಕು. ಅದು ಆ ಊರಿನ ಕಟ್ಟಳೆ.

ನೇಕಾರ ಹೆಂಡತಿಯನ್ನು ಗೋಡೆಗೆ ಆನಿಸಿ ಕೂರಿಸಿದ. ನೆರೆಯವಳನ್ನು ಕಾವಲಿಟ್ಟು ಚಾವಡಿಗೆ ಬಂದ. ಜಾಗ ಸಿಕ್ಕಿದ್ದು ಹೊಸಬನ ಹಿಂದೆ, ಕಂಬದ ಹತ್ತಿರ.

ಮೇಲಿನ ಓಣಿಯ ಹಿರಿಯ ಎದ್ದ. ಹೊಸಬನಿಗೆ ಬೆನ್ನು ಮಾಡಿ ಜನರ ಕಡೆ ತಿರುಗಿ ನಿಂತ. "ಇವನ ಅಜ್ಜ ಕೆಳಗಿನ ಓಣಿಯ ಬಾವಿಯ ನೀರು ಕುಡಿದದ್ದು ಹೌದೋ ಅಲ್ಲವೋ?" ಎಂದ. ಹೊಸಬ ಬಾಯಿ ತೆರೆದ. ಅಷ್ಟರಲ್ಲಿ ಮೇಲಿನ ಓಣಿಯವರು ಶಿಳ್ಳೆ ಹೊಡೆದರು.

ಕೆಳಗಿನ ಓಣಿಯ ಹಿರಿಯ ಎದ್ದ. "ಇಂಥ ಪುಣ್ಯವಂತನನ್ನು ಪ್ರಶ್ನೆ ಕೇಳುವುದೇ ಪಾಪ" ಎಂದ. ಎಂದವನು ಬಿಸಿಲು ನೆತ್ತಿಗೆ ಬರುವ ತನಕ ಕೂರಲಿಲ್ಲ. ಅವನೂ ಜನರ ಕಡೆಯೇ ತಿರುಗಿದ್ದ. ನೇಕಾರನಿಗೆ ಕಂಡದ್ದು ಬರೀ ಬೆನ್ನುಗಳು.

ಅವನು ಎದ್ದು ಕೈಮುಗಿದ. "ಯಜಮಾನರೇ, ಮನೆಯಲ್ಲಿ ಹೆಣ ಇದೆ. ಬೇಗ ಮುಗಿಸಿದರೆ ದಾರಿ ಬಿಡಿಸಿಕೊಂಡು ಹೋಗುತ್ತೇನೆ."

ಮೇಲಿನ ಓಣಿಯ ಹಿರಿಯ ಅವನ ಭುಜ ಹಿಡಿದು ಜನರ ಮುಂದೆ ತಂದ. "ನೋಡಿ, ಕೆಳಗಿನವರ ದೆಸೆಯಿಂದ ಬಡವನ ಹೆಣಕ್ಕೂ ದಾರಿಯಿಲ್ಲ."

"ಬೇಲಿ ಹಾಕಿದವನು ನಿನ್ನ ಬೀಗನಲ್ಲವೇನಯ್ಯ?" ಎಂದ ಕೆಳಗಿನವನು.

ಜನ ನಕ್ಕರು. ಆಮೇಲೆ ಮಧ್ಯಾಹ್ನವೆಲ್ಲ ಆ ಹೆಣದ ಮಾತೇ ಆಯಿತು. ಸತ್ತವಳ ಹೆಸರೇನೆಂದು ಯಾರೂ ಕೇಳಲಿಲ್ಲ.

ನೇಕಾರ ಮೆಲ್ಲಗೆ ಜಾರಿ ಮನೆಗೆ ಬಂದ. ಅವನದು ಕುಣಿಮಗ್ಗ. ಕಾಲು ಇಳಿಬಿಟ್ಟು ನೇಯಲು ಮನೆಯೊಳಗೆ ನೆಲದಲ್ಲೇ ಗುಂಡಿ. ಅದರ ಪಕ್ಕ ಕೂತು ಹೆಂಡತಿ ನೂಲು ಸುತ್ತುತ್ತಿದ್ದಳು. ಅವನು ಹಾಸಿನ ಎಳೆ ಕತ್ತರಿಸಿದ. ಮಗ್ಗ ಬಿಚ್ಚಿದ. ಗುಂಡಿಯನ್ನು ಇನ್ನಷ್ಟು ತೋಡಿದ. ಅರ್ಧ ನೇಯ್ದ ಸೀರೆಯನ್ನು ಅವಳಿಗೆ ಹೊದಿಸಿ ಅಲ್ಲಿ ಕೂರಿಸಿದ. ಮಣ್ಣು ಎಳೆದ.

ಸಂಜೆ ಚಾವಡಿಯಲ್ಲಿ ಕೈ ಎತ್ತಿದರು. ಯಾರ ಕೈ ಎತ್ತ ಎಂಬುದು ಬೆಳಿಗ್ಗೆಯೇ ಗೊತ್ತಿದ್ದದ್ದು. ಹೊಸಬ ಪೀಠ ಏರಿದ. ಏರಿದವನೇ, ಮೊದಲು ಆ ಬೇಲಿ ಕೀಳಿಸಿ ಎಂದ. ಕಿತ್ತರು. ದಾರಿ ತೆರೆದುಕೊಂಡಿತು. ಯಾರೂ ಬರಲಿಲ್ಲ.

ಶಿಷ್ಯ ಕೇಳಿದ: "ಹಾಗಾದರೆ ಆ ಹೊಸಬ ಒಳ್ಳೆಯವನೇ ಅಲ್ಲವೇ, ಗುರುಗಳೇ?"

ಗುರು ಹೇಳಿದರು: "ನೀನೂ ಪೀಠ ಏರಿದವನ ಬಗ್ಗೆಯೇ ಕೇಳಿದೆಯಪ್ಪ."